ಮೇ ತಿಂಗಳ ಮದುವೆಗೆ ಹತ್ತಿ ಸೀರೆ, ಅದೂ ಕಪ್ಪು. ಉಡಬಹುದಾ?

ಪ್ರಶ್ನೆ: ನನಗೆ 54 ವರ್ಷ. ತವರು ಗದಗ, ಈಗ ಇರೋದು ದಾವಣಗೆರೆಯಲ್ಲಿ. ಮೇ ಎರಡನೇ ವಾರ ಕಲಬುರಗಿಯಲ್ಲಿ ತಮ್ಮನ ಮಗಳ ಮದುವೆ ಇದೆ. ಸೋದರತ್ತೆ ನೀನೇ ಮುಂದೆ ನಿಲ್ಲಬೇಕು ಅಂತ ತಮ್ಮ ಹೇಳಿದ್ದಾನೆ. ಎರಡು ದಿನ ಓಡಾಟ. ಮದುವೆ ಅಂದಮೇಲೆ ರೇಷ್ಮೆಯೇ ಆಗಬೇಕು ಅಂತ ಮನೆಯವರೆಲ್ಲ ಅಂತಾರೆ. ನನಗೆ ಮುಟ್ಟು ನಿಲ್ಲುತ್ತಿರುವ ಸಮಯ. ಇದ್ದಕ್ಕಿದ್ದ ಹಾಗೆ ಮೈ ಕಾದು ಬೆವರು ಹರಿಯುತ್ತದೆ. ಹೋದ ವರ್ಷ ಒಂದು ಮದುವೆಗೆ ಕಂಚಿ ಸೀರೆ ಉಟ್ಟು ಹೋಗಿ, ಊಟದ ಹಾಲ್‌ನಲ್ಲೇ ತಲೆ ಸುತ್ತಿ ಕುಸಿದು ಕೂತೆ. ಅಮ್ಮನ ಕಪ್ಪು ಇಳಕಲ್ ಸೀರೆ ನನ್ನ ಹತ್ತಿರ ಇದೆ. ಹತ್ತಿಯ ಒಡಲು, ಮೇಲೆ ಕಸೂತಿ. ಅದನ್ನು ಉಡುವ ಆಸೆ. ಆದರೆ ಮದುವೆಗೆ ಹತ್ತಿನಾ, ಅದೂ ಕಪ್ಪಾ ಅಂತ ಈಗಲೇ ಮಾತು ಶುರುವಾಗಿದೆ. ಆಗಸ್ಟ್‌ನಲ್ಲಿ ಶಿರಸಿಯಲ್ಲಿ ಗೆಳತಿಯ ಗೃಹಪ್ರವೇಶವೂ ಇದೆ, ಆ ಮಳೆಗೆ ಏನು ಉಡಲಿ? ನ್ಯೂಜೆರ್ಸಿಯಲ್ಲಿರುವ ಮಗಳು, ಅಲ್ಲೂ ಸೆಪ್ಟೆಂಬರ್ ಆದಮೇಲೆ ಬಿಳಿ ಹಾಕಬಾರದು ಅನ್ನೋ ಮಾತಿದೆ ಅಂದಳು. ನಿಜವಾ? ಕೊನೆಯದಾಗಿ ಇನ್ನೊಂದು. ಯಜಮಾನರು ಹೋಗಿ ಮೂರು ವರ್ಷ. ಇನ್ನು ನಿನಗೆ ತಿಳಿ ಬಣ್ಣವೇ ಚೆಂದ ಅಂತ ಹೇಳುವವರು ತುಂಬಾ ಇದ್ದಾರೆ.

ಉತ್ತರ: ಅಕ್ಕಾ, ಅಮ್ಮನ ಸೀರೆ ಉಡಿ. ಯಾವ ಹೊತ್ತಿಗೆ, ಹೇಗೆ ಅನ್ನೋದನ್ನು ಕೆಳಗೆ ಬರೆದಿದ್ದೇನೆ. ಉಡಬೇಕಾ ಬೇಡವಾ ಅನ್ನೋ ಚಿಂತೆಯನ್ನು ಇಲ್ಲಿಗೇ ಬಿಡಿ.

ನಾನು ಗೃಹವಿಜ್ಞಾನ ಕಾಲೇಜಿನಲ್ಲಿ 26 ವರ್ಷ ಬಟ್ಟೆಯ ಪಾಠ ಮಾಡಿದವಳು. ಸೀರೆಯ ಬಗ್ಗೆ ಯಾರಾದರೂ ‘ಹಾಗೆ ಉಡಬಾರದು’ ಅಂದರೆ ನಾನು ಕೇಳುವುದು ಒಂದೇ ಪ್ರಶ್ನೆ. ಈ ನಿಯಮ ಯಾರನ್ನು ಕಾಯುತ್ತಿದೆ? ಕೆಲವು ನಿಯಮಗಳು ಬಟ್ಟೆಯನ್ನು ಕಾಯುತ್ತವೆ. ಕೆಲವು ಮೈಯನ್ನು ಕಾಯುತ್ತವೆ. ಇನ್ನು ಕೆಲವು ಜನ ಏನಂತಾರೋ ಅನ್ನೋ ಹೆದರಿಕೆಯಿಂದ ಹುಟ್ಟಿದವು. ಮೊದಲಿನ ಎರಡನ್ನೂ ನಾನು ಗೌರವಿಸುತ್ತೇನೆ. ಮೂರನೆಯದಕ್ಕೆ ಹೆದರಿ ಒಬ್ಬ ಹೆಣ್ಣುಮಗಳು ಮದುವೆಮನೆಯಲ್ಲಿ ತಲೆ ಸುತ್ತಿ ಕುಸಿಯುವುದು ನನಗೆ ಸಹಿಸಲಾಗದ ವಿಷಯ.

ಮೊದಲು ರೇಷ್ಮೆಯ ಮೇಲೆ ಬಂದಿರುವ ಅಪವಾದ ತೆಗೆಯಬೇಕು. ರೇಷ್ಮೆ ಸೆಕೆ ಅಂತ ನಾವೆಲ್ಲ ಹೇಳುತ್ತೇವೆ. ನೂಲನ್ನೇ ನೋಡಿದರೆ ಅದು ಅರ್ಧ ಸತ್ಯ. 100 ಗ್ರಾಂ ಒಣ ರೇಷ್ಮೆ ಸಾಮಾನ್ಯ ಹವೆಯಲ್ಲಿ ಸುಮಾರು 11 ಗ್ರಾಂ ತೇವವನ್ನು ಹೀರಿ ಇಟ್ಟುಕೊಳ್ಳುತ್ತದೆ. ಹತ್ತಿ ಹೀರುವುದು ಸುಮಾರು 8 ಗ್ರಾಂ. ಪಾಲಿಯೆಸ್ಟರ್ ಅರ್ಧ ಗ್ರಾಂ ಕೂಡ ಹೀರುವುದಿಲ್ಲ. ಅಂದರೆ ಬೆವರಿನ ಜೊತೆ ರೇಷ್ಮೆಗೆ ಜಗಳವಿಲ್ಲ. ಹಾಗಾದರೆ ಕಂಚಿ ಸೀರೆಯಲ್ಲಿ ನಿಮಗೆ ಆ ಗತಿ ಯಾಕಾಯಿತು? ಮೂರು ಕಾರಣ ಇರಬಹುದು. ಒಂದು, ನೇಯ್ಗೆ ಒತ್ತಾಗಿರುತ್ತದೆ, ಗಾಳಿ ಆಡುವುದಿಲ್ಲ. ಎರಡು, ಜರಿ. ಜರಿ ತುಂಬಿದ ಕಂಚಿ ಸೀರೆ ಮುಕ್ಕಾಲು ಕೆಜಿ ದಾಟುತ್ತದೆ, ಆ ಭಾರ ಪೂರ್ತಿ ಸೊಂಟ ಮತ್ತು ಎಡ ಭುಜದ ಮೇಲೆ. ಮೂರನೆಯದು ಯಾರ ಕಣ್ಣಿಗೂ ಬೀಳುವುದಿಲ್ಲ. ಅದು ಬ್ಲೌಸಿನ ಲೈನಿಂಗ್ ಮತ್ತು ಒಳಲಂಗ.

ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ರಾಯಚೂರಿನ ಒಂದು ಮೇ ತಿಂಗಳ ಮದುವೆಗೆ ಹಳೆಯ ಮೈಸೂರು ರೇಷ್ಮೆ ಉಟ್ಟು ಹೋಗಿದ್ದೆ. ಹಗುರ ಸೀರೆ, ಹಿಂದಿನ ಬೇಸಿಗೆಯಲ್ಲೂ ಉಟ್ಟಿದ್ದೆ, ಏನೂ ಆಗಿರಲಿಲ್ಲ. ಈ ಸಲ ಬ್ಲೌಸ್ ಮಾತ್ರ ಹೊಸದು. ಸಂಜೆ ಬಿಚ್ಚಿದಾಗ ಬೆನ್ನು, ಕಂಕುಳು ಎಲ್ಲ ಕೆಂಪು ಬೆವರುಸಾಲೆ. ಬ್ಲೌಸಿನ ಹೊಲಿಗೆ ಬಿಚ್ಚಿ ನೋಡಿದರೆ ಒಳಗೆ ದಪ್ಪ ಪಾಲಿಯೆಸ್ಟರ್ ಲೈನಿಂಗ್. ನಾನು ಕೇಳಿರಲಿಲ್ಲ, ಹೊಲಿದವರು ಹೇಳಿರಲಿಲ್ಲ. ಅದನ್ನು ತೆಗೆಸಿ ತೆಳು ಹತ್ತಿಯ ಲೈನಿಂಗ್ ಹಾಕಿಸಿದೆ. ಮುಂದಿನ ಬೇಸಿಗೆಗೆ ಅದೇ ಸೀರೆ, ಅದೇ ಬ್ಲೌಸ್ ಏನೂ ತೊಂದರೆ ಕೊಡಲಿಲ್ಲ. ಆಮೇಲೆ ನನ್ನ ವಿದ್ಯಾರ್ಥಿನಿಯರಿಗೆಲ್ಲ ಹೇಳುತ್ತಿದ್ದೆ, ಸೀರೆ ಆರಿಸುವ ಮೊದಲು ಲೈನಿಂಗ್ ಆರಿಸಿ ಅಂತ.

ಆದ್ದರಿಂದ ಇವತ್ತೇ ಒಂದು ಕೆಲಸ ಮಾಡಿ. ನಿಮ್ಮ ಬ್ಲೌಸಿನ ಒಳಗಿನ ಹೊಲಿಗೆ ಹತ್ತಿರ ಒಂದು ಎಳೆ ಕಿತ್ತು, ಇಕ್ಕಳದಲ್ಲಿ ಹಿಡಿದು ಬೆಂಕಿ ತಾಗಿಸಿ. ಸಿಂಕಿನ ಹತ್ತಿರ ನಿಂತು ಮಾಡಿ. ಹತ್ತಿ ಕಾಗದದ ಹಾಗೆ ಉರಿದು ಮೆತ್ತಗಿನ ಬೂದಿ ಆಗುತ್ತದೆ. ರೇಷ್ಮೆ ಸುಟ್ಟರೆ ಕೂದಲು ಸುಟ್ಟ ವಾಸನೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಮಣಿ ಬಂದರೆ ಆ ಲೈನಿಂಗ್ ತೆಗೆಸಿಬಿಡಿ. ಒಳಲಂಗಕ್ಕೂ ಇದೇ ಪರೀಕ್ಷೆ. ಈಗ ಮೈಗೆ ಅಂಟಿಕೊಂಡಂತೆ ಇರುವ ಶೇಪ್‌ವೇರ್ ಲಂಗ ಜಾಸ್ತಿ ಬಳಕೆಯಲ್ಲಿದೆ. ಸೀರೆ ಚೆನ್ನಾಗಿ ಕೂರುತ್ತದೆ ನಿಜ. ಆದರೆ ಮೈ ಕಾಯುವ ತೊಂದರೆ ಇರುವವರು ಮೇ ತಿಂಗಳಲ್ಲಿ, ಅದೂ ಕಲಬುರಗಿಯಲ್ಲಿ, ಅದನ್ನು ಮುಟ್ಟಲೇಬಾರದು. ತೆಳು ಹತ್ತಿಯ ಲಂಗ ಸಾಕು, ಅದಕ್ಕೆ ಸಣ್ಣ ಲಾಡಿ ಬೇಡ, ಎರಡು ಬೆರಳು ಅಗಲದ ಪಟ್ಟಿ ಇಡಿಸಿ. ವರ್ಷಾನುಗಟ್ಟಲೆ ಲಾಡಿ ಬಿಗಿದು ಸೊಂಟದ ಸುತ್ತ ಕಪ್ಪು ಗೆರೆ ಬಿದ್ದಿರುವ ಹೆಂಗಸರು ನಮ್ಮಲ್ಲಿ ಎಷ್ಟು ಜನ ಇದ್ದಾರೆ! ಅದನ್ನು ಯಾರೂ ತೊಂದರೆ ಅಂತ ಎಣಿಸುವುದೇ ಇಲ್ಲ.

ಇನ್ನು ‘ಮದುವೆಗೆ ರೇಷ್ಮೆಯೇ’ ಅನ್ನುವ ಮಾತು. ಇದರ ಬೇರು ಮಡಿಯಲ್ಲಿದೆ. ಹಳೆಯ ಮನೆಗಳಲ್ಲಿ ರೇಷ್ಮೆಯನ್ನು ಪ್ರತಿಸಲ ಒಗೆಯದಿದ್ದರೂ ಮಡಿ ಅಂತ ಒಪ್ಪುತ್ತಿದ್ದರು. ಹತ್ತಿ ಸೀರೆಯಾದರೆ ಅದೇ ದಿನ ಒಗೆದು, ಯಾರೂ ಮುಟ್ಟದ ಹಾಗೆ ಒಣಗಿಸಿದ್ದರೆ ಮಾತ್ರ ಮಡಿ. ನೂರು ಜನ ಸೇರಿರುವ ಮದುವೆಮನೆಯಲ್ಲಿ ಬೆಳಗಿನ ಜಾವ ಸೀರೆ ಒಗೆದು ಒಣಗಿಸೋದು ಎಲ್ಲಿ ಸಾಧ್ಯ? ಹಾಗಾಗಿ ರೇಷ್ಮೆ ಅನುಕೂಲವಾಯಿತು. ಗಮನಿಸಿ, ಹತ್ತಿ ಕೀಳು ಅಂತ ಯಾರೂ ಹೇಳಿರಲಿಲ್ಲ. ಒಗೆದು ಹರವಿದ ಹತ್ತಿಯೂ ದೇವರ ಮನೆಗೆ ಹೋಗುತ್ತಿತ್ತು. ಹತ್ತಿ ಬಡವರದು, ರೇಷ್ಮೆ ಶ್ರೀಮಂತರದು ಅನ್ನುವ ಲೆಕ್ಕ ಆಮೇಲೆ ಬಂದು ಕೂತುಕೊಂಡಿತು. ಅದೇ ಮನೆಗಳಲ್ಲಿ ‘ಬೇಸಿಗೆಯಲ್ಲಿ ಜರಿ ಸೀರೆ ಮುಟ್ಟಬೇಡ’ ಅಂತಲೂ ಅಜ್ಜಿಯರು ಹೇಳುತ್ತಿದ್ದರು ಅಲ್ವಾ? ಅದು ಬಟ್ಟೆಯನ್ನು ಕಾಯುವ ನಿಯಮ, ಒಳ್ಳೆಯ ನಿಯಮ. ಬೆವರು ಬಿದ್ದ ಜಾಗದಲ್ಲಿ ರೇಷ್ಮೆಯ ಬಣ್ಣ ಕೆಡುತ್ತದೆ, ಎಳೆ ಬಲ ಕಳೆದುಕೊಳ್ಳುತ್ತದೆ, ಜರಿಯ ಬೆಳ್ಳಿ ಕಪ್ಪಾಗುತ್ತದೆ. ವೈಶಾಖದಲ್ಲಿ ಮದುವೆಗಳು ಜಾಸ್ತಿ. ಆಗ ಈ ಎರಡು ನಿಯಮಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ. ಡಿಕ್ಕಿಯಾದಾಗ ಪ್ರತಿಸಲ ಮೈಯೇ ಸೋಲಬೇಕಾ?

ಈಗ ನಿಮ್ಮ ಅಮ್ಮನ ಸೀರೆಗೆ ಬರೋಣ. ಬರೆಯುವಾಗ ನನಗೇ ಖುಷಿ ಆಗುತ್ತಿದೆ.

ಇಳಕಲ್ ಸೀರೆಯನ್ನು ಹತ್ತಿ ಸೀರೆ ಅಂತ ಕರೆದು ಸುಮ್ನೆ ಕೆಳಗೆ ಇಡುವವರು ಅದರ ಸೆರಗನ್ನು ಕೈಯಲ್ಲಿ ಹಿಡಿದು ನೋಡಿರುವುದಿಲ್ಲ. ಬಾಗಲಕೋಟೆ ಜಿಲ್ಲೆಯ ಈ ಸೀರೆಯಲ್ಲಿ ಒಡಲು ಹತ್ತಿ, ಸೆರಗು ರೇಷ್ಮೆ. ಎರಡಕ್ಕೂ ಬೇರೆ ಬೇರೆ ಹಾಸು, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಕಟ್ಟುವ ನೂಲು. ಒಡಲಿನ ಹಾಸಿನ ಒಂದೊಂದು ಎಳೆಯನ್ನೂ ಸೆರಗಿನ ಹಾಸಿನ ಎಳೆಗೆ ಕೊಂಡಿ ಹಾಕಿ ಜೋಡಿಸುತ್ತಾರೆ. ಕೈಯಿಂದ, ಒಂದು ಸೀರೆಗೆ ಒಂದು ಸಲ. ಒಂದೇ ಹಾಸಿನಲ್ಲಿ ಸಾಲಾಗಿ ಹತ್ತು ಸೀರೆ ನೇಯ್ದು ಕತ್ತರಿಸುವ ಹಾಗಿಲ್ಲ. ಕೆಂಪು ಸೆರಗಿನಲ್ಲಿ ಬಿಳಿ ಶಿಖರಗಳ ಸಾಲು ಇರುತ್ತದಲ್ಲ, ಅದೇ ಟೋಪ್ ತೆನಿ. ಅಂಚಿನಲ್ಲಿ ಗೋಮಿ, ಗಾಡಿ, ಚಿಕ್ಕಿ ಪರಾಸು ಅಂತ ವಿನ್ಯಾಸಗಳು. ಇಷ್ಟೆಲ್ಲ ಕೈಕೆಲಸ ಇರುವ ಸೀರೆ ಮದುವೆಗೆ ಕಡಿಮೆ ಆಯಿತು ಅಂದರೆ ನಾನು ಒಪ್ಪುವುದಿಲ್ಲ.

ಅದರ ಮೇಲೆ ಕಸೂತಿ ಬೇರೆ. ಗಂಟು ಹಾಕದೆ, ಬಟ್ಟೆಯ ಎಳೆ ಎಣಿಸಿ ಹಾಕುವ ಕೆಲಸ ಅದು. ಗವಂತಿ, ಮುರ್ಗಿ ಹೊಲಿಗೆ ಆಗಿದ್ದರೆ ಹಿಂದೆ ಮುಂದೆ ಒಂದೇ ತರ ಕಾಣುತ್ತದೆ. ನೇಗಿ ಮತ್ತು ಮೆಂತೆ ಹಾಗಲ್ಲ. ಸೀರೆ ತಿರುವಿ ನೋಡಿ, ನಿಮ್ಮ ಅಮ್ಮ ಯಾವುದನ್ನು ಹಾಕಿದ್ದಾರೆ ಅಂತ ನಿಮಗೇ ಗೊತ್ತಾಗುತ್ತದೆ. ಗೋಪುರ, ತೇರು, ಆನೆ, ತುಳಸಿಕಟ್ಟೆ ಇರಬಹುದು.

ಕಪ್ಪು ಅಶುಭ ಅನ್ನುವವರಿಗೆ ಹೇಳಲು ನನ್ನ ಹತ್ತಿರ ಎರಡು ಮಾತಿವೆ. ನಮ್ಮ ಕಡೆ ಧಾರವಾಡ ಸೀಮೆಯಲ್ಲಿ ಚಂದ್ರಕಾಳಿ ಸೀರೆ ಅಂತ ಇದೆ. ಕಪ್ಪು ಬಟ್ಟೆಯ ಮೇಲೆ ಕಸೂತಿ. ಅದನ್ನು ಹೆಣ್ಣುಮಕ್ಕಳಿಗೆ ಶುಭ ಸಮಾರಂಭಕ್ಕೇ ಕೊಡುತ್ತಿದ್ದರು. ಸಂಕ್ರಾಂತಿಗೆ ಕಪ್ಪು ಉಡುವ ಮನೆಗಳೂ ಉತ್ತರ ಕರ್ನಾಟಕದಲ್ಲಿ ಇವೆ. ಚಳಿಗಾಲದ ಹಬ್ಬ, ಕಪ್ಪು ಬಿಸಿಲನ್ನು ಹೀರುತ್ತದೆ. ಇದು ಮೈಯನ್ನು ಕಾಯುವ ನಿಯಮ. ಎರಡನೆಯ ಮಾತು ಇನ್ನೂ ಸರಳ. ಮದುವೆಯಲ್ಲಿ ಹೆಣ್ಣಿನ ಕೊರಳಿಗೆ ಏರುವ ಅತಿ ಶುಭದ ವಸ್ತು ಯಾವುದು? ಕರಿಮಣಿ. ಅದರ ಬಣ್ಣ ಯಾವುದು?

ಬೇಸಿಗೆಯಲ್ಲಿ ಕಪ್ಪು ಸೆಕೆಯಾಗಲ್ವಾ ಅಂತ ನೀವು ಕೇಳಬಹುದು. ಬಿಸಿಲಲ್ಲಿ ಕಪ್ಪು ಬಟ್ಟೆ ಹೆಚ್ಚು ಕಾಯುವುದು ನಿಜ. ಆದರೆ ಬಟ್ಟೆ ಕಾದರೆ ಮೈಯೂ ಅಷ್ಟೇ ಕಾಯುತ್ತದೆ ಅಂತಿಲ್ಲ. ಮರುಭೂಮಿಯ ಬೆದೂಯಿನ್ ಜನ ಕಪ್ಪು ನಿಲುವಂಗಿ ತೊಡುತ್ತಾರೆ. ಯಾಕೆ ಅಂತ ವಿಜ್ಞಾನಿಗಳು ಅಳತೆ ಮಾಡಿ 1980ರಲ್ಲಿ ನೇಚರ್ ಪತ್ರಿಕೆಯಲ್ಲಿ ಬರೆದರು. ಕಪ್ಪು ತೊಟ್ಟರೂ ಬಿಳಿ ತೊಟ್ಟರೂ ಮೈಗೆ ತಲುಪಿದ ಶಾಖ ಒಂದೇ ಆಗಿತ್ತು. ಕಾರಣ, ನಿಲುವಂಗಿ ಸಡಿಲ. ಕಪ್ಪು ಬಟ್ಟೆ ಹೀರಿದ ಹೆಚ್ಚಿನ ಶಾಖ ಚರ್ಮಕ್ಕೆ ಮುಟ್ಟುವ ಮೊದಲೇ ಗಾಳಿಗೆ ಹೋಗುತ್ತಿತ್ತು. ನಾನು ಇದರಿಂದ ತೆಗೆದುಕೊಂಡ ಪಾಠ, ಬಣ್ಣಕ್ಕಿಂತ ಸಡಿಲು ಮುಖ್ಯ. ಮೈಗೆ ಅಂಟಿದ ಕಪ್ಪು ಬ್ಲೌಸ್ ಬಿಸಿಲಲ್ಲಿ ಸುಡುತ್ತದೆ. ಹರವಾಗಿ ಬಿದ್ದ ಕಪ್ಪು ಸೆರಗು ಸುಡುವುದಿಲ್ಲ. ಕಲ್ಯಾಣ ಮಂಟಪದ ನೆರಳಿನಲ್ಲಂತೂ ಬಣ್ಣದ ವ್ಯತ್ಯಾಸ ಇಲ್ಲ ಅಂತಲೇ ಹೇಳಬಹುದು.

ಕಲಬುರಗಿಯ ಒಂದು ಅನುಕೂಲವನ್ನೂ ಹೇಳಬೇಕು. ಮೇ ತಿಂಗಳಲ್ಲಿ ಅಲ್ಲಿ 40 ಡಿಗ್ರಿ ದಾಟುವುದು ಮಾಮೂಲು, ಆದರೆ ಅದು ಒಣ ಸೆಕೆ. ಬೆವರು ಬೇಗ ಆರುತ್ತದೆ, ಆರುವಾಗ ಮೈ ತಣ್ಣಗಾಗುತ್ತದೆ. ಅದಕ್ಕೆ ಬಟ್ಟೆ ದಾರಿ ಬಿಡಬೇಕು ಅಷ್ಟೆ. ಮಂಗಳೂರಿನಲ್ಲಿ ಹೀಗಲ್ಲ. ಅಲ್ಲಿ ಹವೆಯಲ್ಲೇ ತೇವ ತುಂಬಿರುತ್ತದೆ, ಬೆವರು ಆರುವುದೇ ಇಲ್ಲ. ಕರಾವಳಿಯಲ್ಲಿ ಉಡುಪಿ ಸೀರೆಯಂಥ ತೆಳು ಹತ್ತಿ ಬಿಟ್ಟರೆ ನನಗೆ ಬೇರೆ ದಾರಿ ಕಾಣುವುದಿಲ್ಲ.

ಹತ್ತಿ ಸೀರೆಗೆ ನಮ್ಮವರು ಗಂಜಿ ಹಾಕಿ ಕಡ್ಡಿಯ ಹಾಗೆ ನಿಲ್ಲಿಸುತ್ತಾರೆ. ಮದುವೆಗೆ ಬೆಲೆ ಬರಲಿ ಅಂತ ಇನ್ನೂ ಗಟ್ಟಿ ಗಂಜಿ. ಗಂಜಿ ಹೋಗಿ ಕೂರುವುದು ನೂಲು ನೂಲಿನ ನಡುವಿನ ಸಂದಿಯಲ್ಲಿ. ಗಾಳಿ ಬರಬೇಕಾದ ದಾರಿಯನ್ನೇ ಮುಚ್ಚಿದ ಹಾಗೆ. ಕಸೂತಿ ಇರುವ ಹಳೆಯ ಸೀರೆಗಂತೂ ಗಂಜಿ ಬೇಡವೇ ಬೇಡ. ಮಡಿಕೆಯ ಗೆರೆಯಲ್ಲಿ ಒಡೆಯುತ್ತದೆ. ಸೀರೆ ತಾನಾಗಿ ಮೆತ್ತಗೆ ಬೀಳಲಿ.

ಈಗ ನನ್ನ ಖಚಿತ ಸಲಹೆ. ಕಪ್ಪು ಸೀರೆಯನ್ನು ಮುಹೂರ್ತಕ್ಕೆ ಉಡಬೇಡಿ. ಕಪ್ಪಿನಲ್ಲಿ ದೋಷ ಇದೆ ಅಂತ ಅಲ್ಲ. ಆ ಹೊತ್ತು ಮದುಮಗಳದ್ದು. ಅಕ್ಷತೆ ಹಾಕುವಾಗ ಮನೆಯವರು ಅವಳ ಮುಖ ನೋಡಬೇಕು, ನಿಮ್ಮ ಸೀರೆಯ ವಾದ ಅಲ್ಲಿಗೆ ಬರಬಾರದು. ಮುಹೂರ್ತಕ್ಕೆ ಇನ್ನೊಂದು ಇಳಕಲ್ ಉಡಿ, ದಾಳಿಂಬೆ ಕೆಂಪೋ ನವಿಲು ಹಸಿರೋ. ಹಿಂದಿನ ದಿನದ ಸಂಜೆಗೆ ಅಮ್ಮನ ಕಪ್ಪು. ಆ ಹೊತ್ತಿಗೆ ಬಿಸಿಲು ಇಳಿದಿರುತ್ತದೆ, ದೀಪದ ಬೆಳಕಿನಲ್ಲಿ ಕಪ್ಪಿನ ಮೇಲಿನ ಕಸೂತಿ ಎದ್ದು ಕಾಣುತ್ತದೆ. ತಮ್ಮನ ಹೆಂಡತಿಗೆ ಮೊದಲೇ ಒಂದು ಫೋನ್ ಮಾಡಿ, ‘ಅಮ್ಮನ ಸೀರೆ ಉಡುತ್ತೇನೆ’ ಅನ್ನಿ. ಕಪ್ಪು ಸೀರೆ ಅನ್ನಬೇಡಿ, ಅಮ್ಮನ ಸೀರೆ ಅನ್ನಿ. ಅದು ನಿಜವೂ ಹೌದು, ಅದರ ಮುಂದೆ ಯಾರೂ ಮಾತು ಬೆಳೆಸುವುದಿಲ್ಲ.

ಬ್ಲೌಸ್ ಮ್ಯಾಚಿಂಗ್ ಇಲ್ಲ ಅಂತ ತಲೆ ಕೆಡಿಸಿಕೊಳ್ಳಬೇಡಿ. ಇಳಕಲ್ ಸೀರೆಗೆ ಗುಳೇದಗುಡ್ಡದ ಖಣದ ಕುಬುಸ ತೊಟ್ಟ ಕಾಲದಲ್ಲಿ ಮ್ಯಾಚಿಂಗ್ ಅನ್ನೋದೇ ಇರಲಿಲ್ಲ. ಹಸಿರು ಸೀರೆಗೆ ಕೆಂಪು ಖಣ, ಕಪ್ಪಿಗೆ ಹಳದಿ ಅಂಚಿನ ಖಣ. ಎದ್ದು ಕಾಣಬೇಕು ಅನ್ನೋದೇ ಆಗಿನ ಚೆಂದ. ಸೀರೆಯ ತುದಿಯಲ್ಲೇ ಅದೇ ಬಣ್ಣದ ಬ್ಲೌಸ್ ಪೀಸ್ ಬರಲು ಶುರುವಾದ ಮೇಲೆ ಮ್ಯಾಚಿಂಗ್ ನಿಯಮವಾಯಿತು. ಅಷ್ಟೇಕೆ, ನಾವು ಇವತ್ತು ‘ಸಂಪ್ರದಾಯ’ ಅನ್ನುವ ಬ್ಲೌಸ್, ಲಂಗ, ಮುಂದೆ ನೆರಿಗೆ, ಎಡಭುಜಕ್ಕೆ ಸೆರಗು ಅನ್ನುವ ಒಟ್ಟು ರೂಪ ಹರಡಿದ್ದೇ ಸುಮಾರು 150 ವರ್ಷದಿಂದ ಈಚೆಗೆ. 1860ರ ದಶಕದಲ್ಲಿ ಬಂಗಾಳದ ಟಾಗೋರ್ ಮನೆತನದ ಸೊಸೆ ಜ್ಞಾನದಾನಂದಿನಿ ದೇವಿ ಮುಂಬೈಗೆ ಹೋದಾಗ ಪಾರ್ಸಿ ಹೆಂಗಸರು ಉಡುವುದನ್ನು ನೋಡಿ ತಮ್ಮ ಉಡಿಗೆ ಬದಲಿಸಿಕೊಂಡರು. ಮನೆಯಿಂದ ಹೊರಗೆ ಬರಲು ಅನುಕೂಲವಾಗಲಿ ಅಂತ. ಆಗ ಅದು ನಿಯಮ ಮುರಿದ ಹಾಗಿತ್ತು. ನಮ್ಮಲ್ಲೇ ನೋಡಿ, ಕೊಡಗಿನವರ ನೆರಿಗೆ ಹಿಂದಕ್ಕೆ. ಕಾವೇರಿ ಹರಿದ ರಭಸಕ್ಕೆ ನೆರಿಗೆ ಹಿಂದೆ ಸರಿಯಿತು ಅಂತ ಅಲ್ಲಿ ಕಥೆ ಹೇಳುತ್ತಾರೆ. ಉತ್ತರ ಕರ್ನಾಟಕದ ಹೊಲದಲ್ಲಿ ಕಚ್ಚೆ. ಸರಿಯಾದ ಉಡಿಗೆ ಒಂದೇ ಅಂತ ಯಾವತ್ತೂ ಇರಲಿಲ್ಲ.

ಖಣ ಕೊಳ್ಳುವಾಗ ಮಾತ್ರ ಎಚ್ಚರ. ಈಗ ಪಾಲಿಯೆಸ್ಟರ್ ಖಣ ಜಾಸ್ತಿ. ಮೇಲೆ ಹೇಳಿದ ಬೆಂಕಿಯ ಪರೀಕ್ಷೆ ಇಲ್ಲೂ ಮಾಡಿ. ಕಂಕುಳ ಹತ್ತಿರ ಒಂದು ಬೆರಳು ಸಡಿಲ ಇಡಿಸಿ. ಒಳಗಡೆ ಅರ್ಧಚಂದ್ರದ ಆಕಾರದ ಹತ್ತಿ ತುಂಡು ಹೊಲಿಸಿದರೆ ಬೆವರು ಅದಕ್ಕೇ ನಿಲ್ಲುತ್ತದೆ, ಬೇಕಾದಾಗ ಬಿಚ್ಚಿ ಒಗೆಯಬಹುದು. ಸೀರೆ ಉಡುವಾಗ ಐದು ನೆರಿಗೆ ಸಾಕು. ಸೊಂಟದ ಹತ್ತಿರ ಪದರ ಪದರವಾಗಿ ಬಟ್ಟೆ ಸೇರುವುದರಿಂದಲೇ ಅಲ್ಲಿ ಅಷ್ಟು ಸೆಕೆ. ಸೆರಗನ್ನು ಮಡಿಸಿ ಪಿನ್ ಹಾಕಿ, ಕುತ್ತಿಗೆ ಮತ್ತು ಬಲಗಡೆ ಗಾಳಿ ಆಡಲಿ. ಚೀಲದಲ್ಲಿ ಇನ್ನೊಂದು ಬ್ಲೌಸ್ ಇಟ್ಟುಕೊಳ್ಳಿ. ಊಟಕ್ಕೆ ಮೊದಲು ಒದ್ದೆ ಬಟ್ಟೆಯಿಂದ ಮೈ ಒರೆಸಿ ಬ್ಲೌಸ್ ಮಾತ್ರ ಬದಲಿಸಿದರೆ ಅರ್ಧ ದಣಿವು ಹೋಗುತ್ತದೆ. ಇದನ್ನು ಅನುಭವದಿಂದ ಹೇಳುತ್ತಿದ್ದೇನೆ. ಇನ್ನು ಮೈ ಕಾಯುವುದು ದಿನಾ ನಿದ್ದೆ ಕೆಡಿಸುವಷ್ಟು ಇದ್ದರೆ, ಅಥವಾ ಮತ್ತೆ ತಲೆ ಸುತ್ತಿದರೆ, ಮದುವೆಗೆ ಮೊದಲೇ ಡಾಕ್ಟರಿಗೆ ತೋರಿಸಿ. ಸೀರೆ ಬದಲಿಸಿದರೆ ಎಲ್ಲವೂ ಸರಿಹೋಗುತ್ತದೆ ಅಂತ ನಾನು ಹೇಳುವುದಿಲ್ಲ.

ಶಿರಸಿಯ ಮಳೆಗೆ ನನ್ನ ಸಲಹೆ ಉಲ್ಟಾ. ಅಲ್ಲಿ ಆಗಸ್ಟ್‌ನಲ್ಲಿ ಹತ್ತಿ ಬೇಡ. ನೆನೆದ ಹತ್ತಿ ಭಾರ, ಎರಡು ದಿನವಾದರೂ ಒಣಗುವುದಿಲ್ಲ. ಗಂಜಿ ಹಾಕಿ ಇಟ್ಟಿದ್ದರೆ ಬೂಸ್ಟು ಹಿಡಿಯುತ್ತದೆ, ಬೂಸ್ಟಿಗೆ ಗಂಜಿ ಅಂದರೆ ಊಟ. ಹತ್ತಿಯೇ ಒಳ್ಳೆಯದು, ಸಿಂಥೆಟಿಕ್ ಕೆಟ್ಟದ್ದು ಅನ್ನುವುದೂ ಈಗ ಒಂದು ನಿಯಮ ಆಗಿಬಿಟ್ಟಿದೆ. ಮಲೆನಾಡಿನ ಹೆಂಗಸರು ನೈಲಾನ್ ಸೀರೆ ಬಂದಾಗ ಅದನ್ನು ಯಾಕೆ ಅಷ್ಟು ಇಷ್ಟಪಟ್ಟರು ಅಂತ ಅವರನ್ನೇ ಕೇಳಿ. ರಾತ್ರಿ ಒಗೆದು ಒಳಗೆ ಹರವಿದರೆ ಬೆಳಿಗ್ಗೆ ಉಡಬಹುದಿತ್ತು. ಪಾಲಿಯೆಸ್ಟರ್ ಜಾರ್ಜೆಟ್ ಉಟ್ಟು ಹೋಗಿ, ಮಾಮೂಲಿಗಿಂತ ಎರಡು ಬೆರಳು ಮೇಲೆ ಉಡಿ. ಬಸ್ಸಿನಲ್ಲಿ, ಅಂಗಳದಲ್ಲಿ ಕೆಸರು ತಾಗದಿರಲಿ. ಪೂಜೆಗೆ ರೇಷ್ಮೆ ಬೇಕು ಅನ್ನಿಸಿದರೆ ಚೀಲದಲ್ಲಿ ಒಯ್ದು ಅಲ್ಲೇ ಉಡಿ. ರೇಷ್ಮೆ ಮೇಲೆ ಮಳೆಹನಿ ಬಿದ್ದರೆ ಕಲೆ ಉಳಿಯುವ ಸಾಧ್ಯತೆ ಇದೆ. ಬಿದ್ದರೆ ಉಜ್ಜಬೇಡಿ, ಒಣ ಹತ್ತಿ ಬಟ್ಟೆಯಿಂದ ಒತ್ತಿ ತೆಗೆಯಿರಿ. ಮನೆಗೆ ಬಂದ ತಕ್ಷಣ ಮಡಿಸಿ ಇಡಬೇಡಿ, ಒಂದು ರಾತ್ರಿ ಫ್ಯಾನ್ ಕೆಳಗೆ ಹರವಿ.

ನಿಮ್ಮ ಮಗಳು ಹೇಳಿದ್ದು ನಿಜ. ಅಮೆರಿಕದಲ್ಲಿ ಸೆಪ್ಟೆಂಬರ್ ಮೊದಲ ಸೋಮವಾರ ಲೇಬರ್ ಡೇ. 1894ರಿಂದ ಅದು ದೇಶದ ರಜೆ. ಆ ದಿನ ಕಳೆದ ಮೇಲೆ ಬಿಳಿ ತೊಡಬಾರದು ಅನ್ನುವ ಮಾತು ಅಲ್ಲಿ ಬಹಳ ಕಾಲ ಇತ್ತು. ಬೇಸಿಗೆ ಕಳೆಯಲು ಹೋದ ಉಳ್ಳವರು ಊರಿಗೆ ಮರಳಿ ಬಿಳಿ ಬಟ್ಟೆ ಎತ್ತಿಡುವ ಹೊತ್ತು ಅದು. ಯಾರಿಗೆ ಆ ನಿಯಮ ಗೊತ್ತು, ಯಾರಿಗೆ ಗೊತ್ತಿಲ್ಲ ಅಂತ ಅಳೆಯಲು ಅದು ಬಳಕೆಯಾಯಿತು. ಈಗ ಬಹಳ ಜನ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಮಗಳಿಗೆ ಹೇಳಿ, ಚಳಿಗೆ ಬೆಚ್ಚಗಿದ್ದರೆ ಬಿಳಿ ಉಣ್ಣೆ ತೊಡಲಿ.

ನಮ್ಮಲ್ಲೂ ನಿಯಮ ಎಷ್ಟು ಬೇಗ ಹುಟ್ಟುತ್ತದೆ ಅನ್ನೋದಕ್ಕೆ ನವರಾತ್ರಿಯ ಒಂಬತ್ತು ಬಣ್ಣವೇ ಸಾಕ್ಷಿ. ಅದು ಹರಡಿದ್ದು ಸುಮಾರು ಇಪ್ಪತ್ತು ವರ್ಷದ ಹಿಂದೆ, ಮಹಾರಾಷ್ಟ್ರದ ಪತ್ರಿಕೆಯ ಪುಟಗಳಿಂದ. ವಾರದ ಮೇಲೆ ಬಣ್ಣ ಬರುತ್ತದೆ, ಸೋಮವಾರ ಬಿಳಿ, ಮಂಗಳವಾರ ಕೆಂಪು ಹೀಗೆ. ಈಗ ಬೆಂಗಳೂರಿನ ಆಫೀಸುಗಳಲ್ಲೂ ಹೆಣ್ಣುಮಕ್ಕಳು ಸೇರಿ ಆ ಬಣ್ಣ ತೊಟ್ಟು ಫೋಟೋ ತೆಗೆಸಿಕೊಳ್ಳುತ್ತಾರೆ. ನನಗೆ ಅದು ಇಷ್ಟ. ಜೊತೆಯಾಗಿ ಖುಷಿ ಪಡಲಿ. ಆದರೆ ಆ ದಿನ ಬೂದು ಸೀರೆ ಇಲ್ಲ ಅಂತ ಸಾಲ ಮಾಡಿ ಕೊಳ್ಳುವ ಹುಡುಗಿಗೆ ಇದು ಪುರಾಣದಿಂದ ಬಂದದ್ದಲ್ಲ ಅಂತ ಯಾರಾದರೂ ಹೇಳಬೇಕು.

ಕೊನೆಯ ಮಾತು ನೀವು ಪತ್ರದ ಕೊನೆಗೆ ಬರೆದದ್ದು. ನಾನು ಅದನ್ನೇ ಮೊದಲು ಓದಿದ ಹಾಗಾಯಿತು.

ಯಜಮಾನರು ಹೋದ ಮೇಲೆ ತಿಳಿ ಬಣ್ಣವೇ ಚೆಂದ ಅನ್ನುವವರು, ಕೆಂಪು ಬೇಡ ಅಂತಲೇ ಹೇಳುತ್ತಿರುತ್ತಾರೆ ಅಲ್ವಾ? ಅವರಿಗೆ ಹಳೆಯ ಮಾತೊಂದು ನೆನಪಿಸಬೇಕು. ನಮ್ಮಲ್ಲೇ ಕೆಲವು ಬ್ರಾಹ್ಮಣ ಮನೆಗಳಲ್ಲಿ ಎರಡು ಮೂರು ತಲೆಮಾರಿನ ಹಿಂದೆ, ಗಂಡ ತೀರಿದ ಮಡಿ ಹೆಂಗಸರಿಗೆ ಉಡಿಸುತ್ತಿದ್ದದ್ದೇ ಕೆಂಪು ಸೀರೆ. ಆ ಕೆಂಪು ಸೀರೆಯ ಅಜ್ಜಿಯರನ್ನು ನಾನು ಚಿಕ್ಕವಳಿದ್ದಾಗ ನೋಡಿದ್ದೇನೆ. ಆಗ ಕೆಂಪೇ ಅವರಿಗೆ ಕಟ್ಟಿದ ಬೇಲಿ. ಈಗ ಅದೇ ಕೆಂಪನ್ನು ಕಿತ್ತುಕೊಂಡು ಬಿಳಿ, ಬೂದು ಕೊಡುತ್ತೇವೆ. ಬಣ್ಣ ಬದಲಾಯಿತು, ಬೇಲಿ ಹಾಗೇ ಇದೆ. ಈ ನಿಯಮ ಬಟ್ಟೆಯನ್ನು ಕಾಯುವುದಿಲ್ಲ, ಮೈಯನ್ನೂ ಕಾಯುವುದಿಲ್ಲ. ನಿಮ್ಮ ದುಃಖವನ್ನಂತೂ ಕಾಯುವುದಿಲ್ಲ. ದುಃಖ ನಿಮ್ಮೊಳಗೆ ಇದೆ, ಅದಕ್ಕೆ ಸೀರೆಯ ಬಣ್ಣದಲ್ಲಿ ಲೆಕ್ಕ ಒಪ್ಪಿಸಬೇಕಾಗಿಲ್ಲ. ತಿಳಿ ಬಣ್ಣ ನಿಮಗೇ ಇಷ್ಟವಾದರೆ ಉಡಿ, ಅದು ಬೇರೆ. ಆದರೆ ಅಮ್ಮನ ಕಪ್ಪು ಸೀರೆ ಉಡುವ ಆಸೆ ಅಂತ ನೀವೇ ಬರೆದಿದ್ದೀರಿ. ನಿಮ್ಮ ತಮ್ಮ ನೀನೇ ಮುಂದೆ ನಿಲ್ಲಬೇಕು ಅಂದಿದ್ದಾನೆ. ಅವನು ಈ ಬೇಲಿಯ ಒಂದು ಕಂಬ ಆಗಲೇ ಕಿತ್ತಿದ್ದಾನೆ. ಮುಹೂರ್ತಕ್ಕೆ ದಾಳಿಂಬೆ ಕೆಂಪು ಅಂತ ನಾನು ಮೇಲೆ ಬರೆದದ್ದು ಬಾಯಿತಪ್ಪಿ ಅಲ್ಲ. ನಿಮಗೆ ಮನಸ್ಸಿದ್ದರೆ ಅದನ್ನೇ ಉಟ್ಟು ಅವನ ಪಕ್ಕ ನಿಲ್ಲಿ.

ಈಗ ಹೋಗಿ ಪೆಟ್ಟಿಗೆಯಿಂದ ಅಮ್ಮನ ಸೀರೆ ತೆಗೆಯಿರಿ. ನೆರಳಿನಲ್ಲಿ ಅರ್ಧ ದಿನ ಹರವಿ, ಬಿಸಿಲಿಗೆ ಹಾಕಬೇಡಿ. ಬೆಳಕಿಗೆ ಎದುರಾಗಿ ಹಿಡಿದು ಮಡಿಕೆಯ ಗೆರೆಗಳನ್ನು ನೋಡಿ. ಹಳೆಯ ಕಪ್ಪು ಬಟ್ಟೆ ಕೆಲವು ಸಲ ಅಲ್ಲೇ ಮೊದಲು ಜೀರ್ಣವಾಗುತ್ತದೆ. ಬೆರಳಿನಿಂದ ಮೆಲ್ಲಗೆ ಎಳೆದರೆ ಎಳೆ ಬಿಟ್ಟುಕೊಂಡರೆ, ಆ ಜಾಗದ ಹಿಂದೆ ತೆಳು ಕಪ್ಪು ಹತ್ತಿ ಬಟ್ಟೆ ಇಟ್ಟು ಕೈಹೊಲಿಗೆ ಹಾಕಿಸಿ, ಮೆಷಿನ್ ಬೇಡ. ಹೊಸದಾಗಿ ಫಾಲ್ ಹಚ್ಚಿಸುವುದಾದರೆ ಹತ್ತಿಯ ಫಾಲನ್ನು ಒಂದು ರಾತ್ರಿ ನೀರಲ್ಲಿ ನೆನೆಸಿ ಒಣಗಿಸಿಯೇ ಹೊಲಿಯಲು ಕೊಡಿ, ಇಲ್ಲದಿದ್ದರೆ ಆಮೇಲೆ ಕುಗ್ಗಿ ಅಂಚು ಸುಕ್ಕಾಗುತ್ತದೆ. ಕಸೂತಿಯ ಮೇಲೆ ನೇರವಾಗಿ ಇಸ್ತ್ರಿ ಪೆಟ್ಟಿಗೆ ಇಡಬಾರದು. ಸೀರೆ ತಿರುವಿ, ಕೆಳಗೆ ಮೆತ್ತನೆಯ ಟವೆಲ್ ಹಾಸಿ, ಹಿಂದಿನಿಂದ ಒತ್ತಿ. ಮದುವೆಗೆ ಒಂದು ವಾರ ಮೊದಲು ಮನೆಯಲ್ಲಿ ಒಮ್ಮೆ ಉಟ್ಟು ಎರಡು ಗಂಟೆ ಓಡಾಡಿ ನೋಡಿ, ಅಡುಗೆ ಮನೆಯಲ್ಲಿ ಕೂಡ. ಎಲ್ಲಿ ಬಿಗಿಯುತ್ತದೆ, ಎಲ್ಲಿ ಬೆವರುತ್ತದೆ ಅಂತ ಆಗಲೇ ಗೊತ್ತಾಗಲಿ.